ಗ್ರೀಸಿನ ಬೆಟ್ಟದೂರಿನಲ್ಲಿ ಗೆಳೆಯರ ಜೊತೆ ಒಂದು ವಾರ: ಹೀಗೆ ಮಾಡಿ

ಗ್ರೀಸ್ ಅಂದ ಕೂಡಲೇ ನೀಲಿ ಸಮುದ್ರ, ಬಿಳಿ ಗೋಡೆಯ ಮನೆಗಳು ಕಣ್ಮುಂದೆ ಬರುತ್ತವೆ ಅಲ್ವಾ? ಆದರೆ ಆ ದೇಶದ ಬಹುಪಾಲು ನೆಲ ಗುಡ್ಡಬೆಟ್ಟವೇ. ವಾಯುವ್ಯ ಮೂಲೆಯಲ್ಲಿ, ಅಲ್ಬೇನಿಯಾ ಗಡಿಗೆ ಹತ್ತಿರ, ಪಿಂಡಸ್ ಬೆಟ್ಟಸಾಲಿನ ನಡುವೆ ಜಗೋರಿ ಎಂಬ ಸೀಮೆ ಇದೆ. ಹೆಸರು ಸ್ಲಾವ್ ಮೂಲದ್ದು. ಅರ್ಥ 'ಬೆಟ್ಟದ ಹಿಂದೆ'. ಇಲ್ಲಿ 46 ಹಳ್ಳಿಗಳಿವೆ. ಗೋಡೆ ಕಲ್ಲಿನದು, ಮಾಡಿಗೆ ಹೊದಿಸಿದ್ದೂ ಕಲ್ಲಿನ ಹಲಗೆ, ದಾರಿಗೂ ಕಲ್ಲೇ. 2023ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ನಾವು ಐದು ಜನ ಗೆಳೆಯರು ಎರಡು ಸಲ ಅಲ್ಲಿಗೆ ಹೋಗಿದ್ದೇವೆ. ಮೊದಲ ಸಲ ನಾಲ್ಕು ದಿನದಲ್ಲಿ ಮೂರು ಊರು ಬದಲಿಸಿ, ಸೂಟ್‌ಕೇಸ್ ಎಳೆದು ಎಳೆದು ಸುಸ್ತಾಗಿ ಬಂದೆವು. ಎರಡನೇ ಸಲ ಒಂದೇ ಊರಲ್ಲಿ ಏಳು ದಿನ ಉಳಿದೆವು. ಆಗಲೇ ಆ ಊರು ನಮಗೆ ಸಿಕ್ಕಿದ್ದು. ಕೆಳಗೆ ಬರೆದಿರುವುದೆಲ್ಲ ಆ ಎರಡನೇ ಸಲದ ಲೆಕ್ಕ.

ಮೊದಲು ತಿಂಗಳು, ಆಮೇಲೆ ಊರು

ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಒಳ್ಳೆಯ ಕಾಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಆಗಸ್ಟ್ 15 ಮೇರಿ ಮಾತೆಯ ದೊಡ್ಡ ಹಬ್ಬ. ಹೊರ ಊರು ಸೇರಿದವರೆಲ್ಲ ಹುಟ್ಟೂರಿಗೆ ಬರುತ್ತಾರೆ, ಚೌಕದಲ್ಲಿ ಕ್ಲಾರಿನೆಟ್ ಊದುತ್ತಾರೆ, ರಾತ್ರಿಯಿಡೀ ಕೈಕೈ ಹಿಡಿದು ಕುಣಿಯುತ್ತಾರೆ. ಆ 'ಪನಿಗಿರಿ' ನೋಡಬೇಕೆಂದರೆ ಮನೆಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿದಿಡಿ. ಸುಮ್ನೆ ಆರಾಮಾಗಿ ಇರಬೇಕೆಂದರೆ ಆ ವಾರ ಬೇಡ.

ಊರು ಆರಿಸುವಾಗ ಮೂರು ವಿಷಯ ನೋಡಿ. ನಡೆದೇ ಹೋಗಬಹುದಾದ ಒಂದೆರಡು ಊಟದ ಮನೆ (ಅಲ್ಲಿ 'ತವೆರ್ನಾ' ಅನ್ನುತ್ತಾರೆ) ಇರಬೇಕು. ಊರಿನಿಂದಲೇ ಶುರುವಾಗುವ ಕಾಲುದಾರಿ ಇರಬೇಕು. ಎಲ್ಲರೂ ಒಟ್ಟಿಗೆ ಕೂರುವಂಥ ಅಂಗಳ ಮನೆಗಿರಬೇಕು. ಮೆಗಾಲೊ ಪಾಪಿಂಗೊದಲ್ಲಿ ನಮಗೆ ಮೂರೂ ಸಿಕ್ಕವು. ಆಸ್ತ್ರಾಕಾ ಶಿಖರದ ಬಂಡೆಗೋಡೆಗಳು ಊರಿನ ನೆತ್ತಿಯ ಮೇಲೇ ನಿಂತಿವೆ. ಸಂಜೆ ಅವು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ವೀಕೊಸ್ ಕಮರಿಯ ಅಂಚಿನ ಮೊನೊದೆಂದ್ರಿ ಕೂಡ ಚೆನ್ನ, ಆದರೆ ಹಗಲಲ್ಲಿ ಪ್ರವಾಸಿಗಳು ಜಾಸ್ತಿ. ತುಂಬಾ ನಿಶ್ಶಬ್ದ ಬೇಕೆಂದರೆ ದಿಲೊಫೊ. ಅಲ್ಲಿ ಕಾರು ಊರ ಹೊರಗೇ ನಿಲ್ಲುತ್ತದೆ.

ಕಾಗದಪತ್ರ, ಹಾದಿ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಹೊರಡುವ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಐದು ಜನವೂ ಒಂದೇ ದಿನಾಂಕ, ಒಂದೇ ಮನೆಯ ಬುಕಿಂಗ್ ತೋರಿಸಿದರೆ ಗೊಂದಲ ಇರುವುದಿಲ್ಲ. ಕಾರು ಓಡಿಸುವವರು ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಒಬ್ಬರಲ್ಲ, ಇಬ್ಬರು ಮಾಡಿಸಿ. ಬೆಟ್ಟದ ದಾರಿಯಲ್ಲಿ ಒಬ್ಬರೇ ವಾರವಿಡೀ ಸ್ಟೀರಿಂಗ್ ಹಿಡಿದರೆ ಅವರಿಗೆ ಅದು ರಜೆ ಆಗುವುದಿಲ್ಲ.

ಅಥೆನ್ಸ್‌ನಿಂದ ಇಯೊಆನ್ನಿನಾ ಪಟ್ಟಣಕ್ಕೆ ವಿಮಾನವೂ ಇದೆ, ಬಸ್ಸೂ ಇದೆ. ನಮ್ಮ ಮಟ್ಟಿಗೆ ಕಾರೇ ಸರಿ. ದಾರಿಯಲ್ಲಿ 2004ರಲ್ಲಿ ತೆರೆದ ರಿಯೊ-ಆಂತಿರಿಯೊ ಕೇಬಲ್ ಸೇತುವೆ ಮೇಲೆ ಸಮುದ್ರ ದಾಟುತ್ತೀರಿ. ಇಯೊಆನ್ನಿನಾದಿಂದ ಪಾಪಿಂಗೊಗೆ ಒಂದು ಗಂಟೆಗೂ ಮಿಕ್ಕಿ ಹಾದಿ. ಆರಿಸ್ತಿ ಊರು ದಾಟಿದ ಮೇಲೆ ವೊಯ್ದೊಮಾತಿಸ್ ನದಿಗೆ ಇಳಿದು, ಆಚೆ ದಡದಲ್ಲಿ ಒಂದರ ಮೇಲೊಂದು ಹೇರ್‌ಪಿನ್ ತಿರುವು ಹತ್ತಬೇಕು. ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ಓಡಿಸಿದ ಕೈಗೆ ಇದು ಹೊಸದಲ್ಲ. ಆದರೆ ಅಲ್ಲಿ ಗಾಡಿ ಬಲಬದಿಯಲ್ಲಿ ಓಡಬೇಕು. ಬೆಳಕಿರುವಾಗಲೇ ತಲುಪಿ.

ಸಾಮಾನು ಪಟ್ಟಣದಲ್ಲೇ ಕೊಳ್ಳಿ

ಇದನ್ನು ನಾವು ಅನುಭವಿಸಿ ಕಲಿತೆವು. ಮೊದಲ ಸಲ ಭಾನುವಾರ ಬಂದೆವು. ಗ್ರೀಸಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಹಳ್ಳಿಯಲ್ಲಿ ದಿನಸಿ ಸಿಗಲಿಲ್ಲ. ಬೆಳಗ್ಗೆ ಕಾಫಿಗೆ ಹಾಲೂ ಇಲ್ಲ. ಹಾಗಾಗಿ ವಾರದ ದಿನ ಬನ್ನಿ. ಅಕ್ಕಿ, ಬೇಳೆ, ಮೊಸರು, ತರಕಾರಿ, ಹಣ್ಣು ಎಲ್ಲವನ್ನೂ ಇಯೊಆನ್ನಿನಾದಲ್ಲೇ ಕೊಂಡುಬಿಡಿ. ಪೆಟ್ರೋಲ್ ತುಂಬಿಸಿ. ಸ್ವಲ್ಪ ನಗದು ಇಟ್ಟುಕೊಳ್ಳಿ. ಮನೆ ಬಾಡಿಗೆಯ ಜೊತೆ ಪ್ರತಿ ರಾತ್ರಿಗೆ ಸರ್ಕಾರದ ತೆರಿಗೆಯೂ ಬೀಳುತ್ತದೆ, ಅದನ್ನು ಹೆಚ್ಚಾಗಿ ಅಲ್ಲೇ ಕಟ್ಟಬೇಕು.

ಊರಿಂದ ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಬಿಡಿ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.

ಖರ್ಚಿಗೆ ಒಂದೇ ಚೀಲ ಮಾಡಿ. ಎಲ್ಲರೂ ಸಮನಾಗಿ ದುಡ್ಡು ಹಾಕಿ, ಒಬ್ಬರು ಇಟ್ಟುಕೊಳ್ಳಲಿ. ಖಾಲಿಯಾದರೆ ಮತ್ತೆ ಹಾಕಿ. ಪ್ರತಿ ಊಟದ ಕೊನೆಗೆ ಮೊಬೈಲಿನಲ್ಲಿ ಲೆಕ್ಕ ಹಾಕುವ ಗೆಳೆತನಕ್ಕಿಂತ ಇದು ಹಗುರ.

ಊರಿನ ಗಡಿಯಾರಕ್ಕೆ ಹೊಂದಿಕೊಳ್ಳಿ

ನನ್ನ ಪ್ರಕಾರ ಇದೇ ಮುಖ್ಯ. ಬೆಳಗ್ಗೆ ಎದ್ದು ಚೌಕಕ್ಕೆ ಹೋಗಿ. ಎದುರಾದವರಿಗೆಲ್ಲ 'ಕಲಿಮೇರಾ' ಅನ್ನಿ. ಕಾಫಿ ಹೇಳುವಾಗ ಸಕ್ಕರೆಯನ್ನೂ ಸೇರಿಸಿಯೇ ಹೇಳಬೇಕು, ಯಾಕೆಂದರೆ ಪುಡಿ, ಸಕ್ಕರೆ, ನೀರು ಒಟ್ಟಿಗೇ ಕುದಿಯುತ್ತವೆ: 'ಸ್ಕೆತೊ' ಅಂದರೆ ಸಕ್ಕರೆ ಇಲ್ಲ, 'ಮೆತ್ರಿಯೊ' ಮಧ್ಯಮ, 'ಗ್ಲಿಕೊ' ಸಿಹಿ. ತಳದ ಗಸಿ ಕುಡಿಯಬೇಡಿ. ಒಂದು ಲೋಟ ಕಾಫಿಗೆ ಒಂದು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಇನ್ನೊಂದು ನೆನಪಿಡಿ: ಗ್ರೀಕರು 'ನೆ' ಅಂದರೆ ಹೌದು ಎಂದರ್ಥ. ತಲೆ ಮೇಲೆತ್ತಿ ಹುಬ್ಬು ಏರಿಸಿದರೆ ಇಲ್ಲ.

ಮಧ್ಯಾಹ್ನ ಮೂರರಿಂದ ಐದೂವರೆ ಊರೆಲ್ಲ ಮಲಗುವ ಹೊತ್ತು. ಆಗ ಹಾಡು ಹಾಕುವುದು, ಗಲಾಟೆ ಮಾಡುವುದು ತಪ್ಪು. ನೀವೂ ಮಲಗಿ. ರಾತ್ರಿ ಊಟ ಒಂಬತ್ತರ ಮೇಲೆ ಬಿಸಿಯೇರುತ್ತದೆ.

ನಮ್ಮ ಮನೆಯೊಡತಿಗೆ ಎಪ್ಪತ್ತರ ಮೇಲೆ. ನಲವತ್ತು ದಾಟಿದ ನಮ್ಮನ್ನೂ 'ಪೆದ್ಯಾ' ಅಂದರೆ 'ಮಕ್ಕಳೇ' ಎಂದೇ ಕರೆಯುತ್ತಿದ್ದರು. ನಾವು ಅವರನ್ನು 'ಕಿರಿಯಾ' ಅಂದೆವು, ಅಮ್ಮಾವರೇ ಅಂದ ಹಾಗೆ. ಬಂದ ಸಂಜೆ ಚಿಕ್ಕ ತಟ್ಟೆಯಲ್ಲಿ ಪಾಕದಲ್ಲಿ ಬೇಯಿಸಿದ ಚೆರಿ ಹಣ್ಣು, ಪಕ್ಕದಲ್ಲಿ ಒಂದು ಚಮಚ, ಒಂದು ಲೋಟ ತಣ್ಣೀರು ಇಟ್ಟರು. 'ಚಮಚದ ಸಿಹಿ' ಎಂದೇ ಅದರ ಹೆಸರು. ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡುವ ನಮ್ಮ ಅಜ್ಜಿಯಂದಿರು ನೆನಪಾದರು. ಐದು ಜನಕ್ಕೂ ಒಮ್ಮೆಗೇ.

ಊಟ: ಈ ಮಾತುಗಳು ಸಾಕು

ಸಸ್ಯಾಹಾರಿಗಳು 'ಹೋರಿಸ್ ಕ್ರೇಯಾಸ್', ಅಂದರೆ ಮಾಂಸ ಬೇಡ ಅನ್ನಿ. ಇನ್ನೂ ಒಳ್ಳೆಯ ಪದ 'ನಿಸ್ತೀಸಿಮೊ', ಚರ್ಚಿನ ಉಪವಾಸದ ದಿನ ತಿನ್ನುವಂಥದ್ದು. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಸಿಗಡಿಯಂಥವು ಇರಬಹುದು, ಅಷ್ಟು ಕೇಳಿಕೊಳ್ಳಿ. ದಪ್ಪ ಬಿಳಿ ಅವರೆಯಂಥ 'ಗಿಗಾಂತೆಸ್', ಎಣ್ಣೆ ಟೊಮೆಟೊದಲ್ಲಿ ಬೆಂದ ತರಕಾರಿ 'ಬ್ರಿಯಾಮ್', ಬೇಯಿಸಿ ನಿಂಬೆರಸ ಹಿಂಡಿದ ಬೆಟ್ಟದ ಸೊಪ್ಪು 'ಹೋರ್ತಾ' ಎಲ್ಲ ಕಡೆ ಸಿಗುತ್ತವೆ.

ಆದರೆ ಜಗೋರಿಯ ಹೆಮ್ಮೆ ಪಿತಾ, ಅಂದರೆ ತಟ್ಟೆಯಲ್ಲಿ ಬೇಯಿಸುವ ಖಾದ್ಯ. ಮನೆಯೊಡತಿ ಒಂದು ಬೆಳಗ್ಗೆ ಅಲೆವ್ರೊಪಿತಾ ಮಾಡುವುದನ್ನು ತೋರಿಸಿದರು. ಗೋಧಿ ಹಿಟ್ಟು, ನೀರು, ಮೊಟ್ಟೆ. ಹಿಟ್ಟು ನೀರುದೋಸೆಯ ಹದಕ್ಕಿಂತ ಸ್ವಲ್ಪ ಗಟ್ಟಿ. ದೊಡ್ಡ ದುಂಡನೆ ತಟ್ಟೆಗೆ ಎಣ್ಣೆ ಹಾಕಿ ಒಲೆಯಲ್ಲಿ ಕಾಯಿಸಿದರು. ಹಿಟ್ಟು ಹೊಯ್ದಾಗ ಚೊಂಯ್ ಎಂದು ಅಂಚು ಕುದಿಯಿತು. ಮೇಲೆ ಫೆಟಾ ಚೀಸ್ ಬೆರಳಲ್ಲೇ ಪುಡಿ ಮಾಡಿ ಉದುರಿಸಿದರು. ಅಲ್ಲಲ್ಲಿ ಬೆಣ್ಣೆ. ಬೆಂದ ಮೇಲೆ ಅಂಚು ಗರಿಗರಿ, ನಡುವೆ ಮೆದು. ಬೇಕಿದ್ದರೆ ನೀವೂ ಕೇಳಿ, ಕಲಿಸುತ್ತಾರೆ. ಇಂಥ ಒಂದು ಬೆಳಗ್ಗೆಗೆ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ.

ದಿನಕ್ಕೆ ಒಂದೇ ಕಡೆ

ದಿನಕ್ಕೊಂದು ಜಾಗ, ಅದೂ ಬೆಳಗ್ಗೆ. ಬರುವವರು ಬರಲಿ, ಅಂಗಳದಲ್ಲಿ ಪುಸ್ತಕ ಓದುವವರು ಓದಲಿ. ರಾತ್ರಿ ಊಟಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ. ಈ ಒಂದು ಒಪ್ಪಂದ ನಮ್ಮ ಜಗಳಗಳನ್ನೆಲ್ಲ ತಪ್ಪಿಸಿತು.

ಸುಲಭದ್ದು ಮೆಗಾಲೊ (ದೊಡ್ಡ), ಮಿಕ್ರೊ (ಚಿಕ್ಕ) ಎಂಬ ಎರಡು ಪಾಪಿಂಗೊಗಳ ನಡುವಿನ ಕಲ್ಲಿನ ಕೊಳಗಳು. ತೊರೆ ಬಂಡೆಯನ್ನು ಕೊರೆದು ತೊಟ್ಟಿಗಳನ್ನು ಮಾಡಿದೆ. ನೀರು ಜುಮ್ಮೆನ್ನುವಷ್ಟು ತಣ್ಣಗೆ, ಕಲ್ಲು ಜಾರುತ್ತದೆ. ಇನ್ನೊಂದು ದಿನ ಕೀಪಿ ಊರಿನ ಕಲ್ಲುಸೇತುವೆಗಳಿಗೆ ಹೋಗಿ. ಕೊಕ್ಕೊರಿ ಸೇತುವೆ 1750ರದ್ದು, ಬಂಡೆಯಿಂದ ಬಂಡೆಗೆ ಒಂದೇ ಕಮಾನು. ಪ್ಲಾಕಿದಾ ಸೇತುವೆಗೆ ಮೂರು ಕಮಾನು, ಮೇಲಿಂದ ನೋಡಿದರೆ ಕಂಬಳಿಹುಳು ತೆವಳಿದ ಹಾಗೆ. ಇಲ್ಲಿನ ಗಂಡಸರು ಬುಖಾರೆಸ್ಟ್, ಇಸ್ತಾಂಬುಲ್ ಕಡೆ ವ್ಯಾಪಾರಕ್ಕೆ ಹೋಗಿ, ಗಳಿಸಿದ ದುಡ್ಡಲ್ಲಿ ಊರಿಗೆ ಸೇತುವೆ, ಶಾಲೆ ಕಟ್ಟಿಸಿದರು. ಅದಕ್ಕೇ ಎಷ್ಟೋ ಸೇತುವೆಗೆ ಕೊಟ್ಟವರ ಹೆಸರೇ ಇದೆ.

ಗಟ್ಟಿ ಕಾಲಿನವರಿಗೆ ವೀಕೊಸ್ ಕಮರಿ. ಮೊನೊದೆಂದ್ರಿಯಿಂದ ವೀಕೊಸ್ ಊರಿಗೆ ಸುಮಾರು 12 ಕಿ.ಮೀ. ಐದಾರು ಗಂಟೆ ಬೇಕು. ಉಳಿದವರು ಆಚೆ ತುದಿಗೆ ಕಾರು ತಂದಿಟ್ಟರೆ ಅವರಿಗೂ ಒಂದು ಕೆಲಸ. ಡ್ರಕೊಲಿಮ್ನಿ ಎಂಬ ಕೆರೆ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅದಕ್ಕೆ ಪೂರ್ತಿ ಒಂದು ದಿನ ಬೇಕು. ಕುರಿಮಂದೆ ಕಂಡರೆ ದೂರದಿಂದ ಬಳಸಿ ಹೋಗಿ, ಕಾವಲು ನಾಯಿಗಳು ಬಿಡುವುದಿಲ್ಲ. ತುರ್ತಿಗೆ 112.

ಊರಿನ ಮೇಲಿನ ಇಳಿಜಾರಿನಲ್ಲಿ ಹಳೆಯ ಓಕ್ ಮರಗಳ ತೋಪು ಕಂಡರೆ ಸ್ವಲ್ಪ ಹೊತ್ತು ನಿಲ್ಲಿ. ಅವು ಪವಿತ್ರ ಕಾಡುಗಳು. ಕಡಿದವರಿಗೆ ಚರ್ಚಿನ ಬಹಿಷ್ಕಾರದ ಹೆದರಿಕೆ ಇತ್ತು. ಆ ಮರಗಳಿಂದಲೇ ಮಣ್ಣು, ಬಂಡೆ ಊರಿನ ಮೇಲೆ ಕುಸಿಯದೆ ನಿಂತಿತು. ನಮ್ಮಲ್ಲಿ ಒಬ್ಬ ಕೊಡಗಿನವನು. 'ಇದು ನಮ್ಮ ದೇವರಕಾಡೇ' ಅಂದವನು ಚಪ್ಪಲಿ ಕಳಚಿ ಒಳಗೆ ಹೋದ.

ಕೊನೆಯ ಸಂಜೆ

ಮನೆ ಒಪ್ಪಿಸುವ ಮುಂಚೆ ಪಾತ್ರೆ ತೊಳೆದಿಡಿ, ಕಸ ಊರಿನ ತೊಟ್ಟಿಗೆ ಹಾಕಿ. ವಾಪಸ್ ವಿಮಾನ ಬೆಳಗ್ಗೆ ಇದ್ದರೆ ಹಿಂದಿನ ರಾತ್ರಿಯೇ ಅಥೆನ್ಸ್ ಸೇರಿಕೊಳ್ಳಿ. ಅದಕ್ಕೂ ಹಿಂದಿನ ಸಂಜೆಯನ್ನು ಖಾಲಿ ಬಿಡಿ. 'ಬೆಟ್ಟದ ಚಹಾ' ಎಂಬ ಒಣಗಿಸಿದ ಮೂಲಿಕೆಯ ಒಂದು ಕಟ್ಟು ತಂದು, ಕಾಂಡ ಹೂವು ಸಮೇತ ಮುರಿದು, ನೀರಿಗೆ ಹಾಕಿ ಐದು ನಿಮಿಷ ಕುದಿಸಿ ಸೋಸಿ. ಹಾಲು ಬೇಡ, ಜೇನು ಸಾಕು. ಅಂಗಳಕ್ಕೆ ಐದು ಲೋಟ ಒಯ್ಯಿರಿ. ನಾವು ಆರು ಒಯ್ದಿದ್ದೆವು, ಮನೆಯೊಡತಿಯೂ ಬಂದು ಕೂತಿದ್ದರು.