ಮಗುವಿಗೆ ಲಿವರ್ ಕಾಯಿಲೆಯೇ? ಮೊದಲು ಒಂದು ನೋಟ್‌ಬುಕ್ ತನ್ನಿ

ಬಾಗಲಕೋಟೆಯಲ್ಲಿರುವ ನನ್ನ ಅಕ್ಕನ ಮಗನಿಗೆ ಹನ್ನೊಂದು ವರ್ಷವಿದ್ದಾಗ ಮೂಗಿನಿಂದ ರಕ್ತ ಬರಲು ಶುರುವಾಯಿತು. ಆಗ ಏಪ್ರಿಲ್ ತಿಂಗಳು. ‘ಬಿಸಿಲಿಗೆ ಬಂದೈತಿ ಬಿಡ್ರಿ’ ಎಂದರು ಎಲ್ಲರೂ. ನಮ್ಮ ಕಡೆಯ ಬಿಸಿಲಿಗೆ ಅದೇನು ಹೊಸದಲ್ಲ, ಅಲ್ವಾ? ಆಮೇಲೆ ಕಾಲು ನೋವು ಎಂದ. ಬೆಳೆಯುವ ಹುಡುಗ, ಇರುತ್ತದೆ ಎಂದೆವು. ಶಾಲೆಯಲ್ಲಿ ಅಕ್ಷರ ಕೆಟ್ಟಿತು, ಬೈಸಿಕೊಂಡ. ಮೂಗಿಗೆ ಒಬ್ಬ ಡಾಕ್ಟರ್, ಕಾಲಿಗೆ ಇನ್ನೊಬ್ಬರು, ಅಕ್ಷರಕ್ಕೆ ಟ್ಯೂಷನ್. ಕೊನೆಗೆ ಕಣ್ಣು ಹಳದಿಯಾದಾಗಲೇ ಇವೆಲ್ಲ ಒಂದೇ ಲಿವರ್ ಕಾಯಿಲೆಯಿಂದ ಬಂದದ್ದು ಎಂದು ಗೊತ್ತಾಗಿದ್ದು. ಅವನಿಗಿದ್ದದ್ದು ವಿಲ್ಸನ್ ಕಾಯಿಲೆ. ಊಟದಲ್ಲಿ ಬರುವ ತಾಮ್ರವನ್ನು ದೇಹ ಹೊರಗೆ ಹಾಕಲಾರದೆ, ಅದು ಲಿವರ್‌ನಲ್ಲಿ, ಮಿದುಳಿನಲ್ಲಿ ಕೂಡುತ್ತಾ ಹೋಗುವ ಕಾಯಿಲೆ ಅದು.

ಮಕ್ಕಳಿಗೆ ಬರುವ ದೀರ್ಘಕಾಲದ ಲಿವರ್ ಕಾಯಿಲೆಗಳು ಇನ್ನೂ ಹಲವು ಇವೆ. ಹುಟ್ಟುವಾಗಲೇ ಪಿತ್ತನಾಳ (ಲಿವರ್‌ನಲ್ಲಿ ತಯಾರಾಗುವ ಪಿತ್ತರಸವನ್ನು ಕರುಳಿಗೆ ಒಯ್ಯುವ ನಾಳ) ಮುಚ್ಚಿಕೊಂಡಿರುವುದು, ಹೆಪಟೈಟಿಸ್ ಬಿ, ದೇಹದ ರಕ್ಷಣಾ ಶಕ್ತಿಯೇ ಲಿವರ್ ಮೇಲೆ ತಿರುಗಿ ಬೀಳುವುದು, ಹೀಗೆ. ಯಾವುದೇ ಆಗಲಿ, ಒಂದು ತೊಂದರೆ ಎಲ್ಲದರಲ್ಲೂ ಇದೆ. ಲಿವರ್ ಸೊರಗಿದರೆ ಸುದ್ದಿ ಹೊಟ್ಟೆಯಿಂದಲೇ ಬರಬೇಕೆಂದಿಲ್ಲ. ಚರ್ಮ, ಮೂಗು, ಮೂಳೆ, ನಿದ್ದೆ, ಎಲ್ಲಿಂದ ಬೇಕಾದರೂ ಬರುತ್ತದೆ. ಅದನ್ನೆಲ್ಲ ಒಂದೆಡೆ ಕೂಡಿಸಿ ಡಾಕ್ಟರ ಮುಂದೆ ಇಡುವ ಕೆಲಸ ಮನೆಯವರದ್ದು. ದಿನವಿಡೀ ಮಗುವನ್ನು ನೋಡುವವರು ನೀವೇ ತಾನೆ.

ನೋಟ್‌ಬುಕ್ ಬರೆಯುವುದು ಹೀಗೆ

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಮೊಬೈಲ್‌ಗಿಂತ ಇದೇ ವಾಸಿ. ಮೊಬೈಲ್ ಅಪ್ಪನ ಜೇಬಿನಲ್ಲಿ ಹೊಲಕ್ಕೋ ಅಂಗಡಿಗೋ ಹೋಗಿರುತ್ತದೆ. ನೋಟ್‌ಬುಕ್ ಮನೆಯಲ್ಲೇ ಇರುತ್ತದೆ, ಅಜ್ಜಿಯೂ ಹೇಳಿ ಬರೆಸಬಹುದು.

ಮೊದಲ ಪುಟದಲ್ಲಿ ಮಗುವಿನ ಹೆಸರು, ತೂಕ, ರಕ್ತದ ಗುಂಪು, ಡಾಕ್ಟರ್ ಹೇಳಿದ ಕಾಯಿಲೆಯ ಹೆಸರು, ಕೊಡುತ್ತಿರುವ ಮಾತ್ರೆ ಮತ್ತು ಅದು ಎಷ್ಟು ಎಂಜಿ ಎಂದು ಬರೆಯಿರಿ. ಉಳಿದ ಪುಟಗಳಲ್ಲಿ ದಿನಕ್ಕೆ ಎರಡು ಮೂರು ಸಾಲು. ಸುಮ್ನೆ ‘ಹುಷಾರಿಲ್ಲ’ ಎಂದು ಬರೆದರೆ ಉಪಯೋಗವಿಲ್ಲ. ಅಕ್ಕನ ನೋಟ್‌ಬುಕ್‌ನ ಒಂದು ದಿನ ಹೀಗಿದೆ: ‘ಮಂಗಳವಾರ. ರಾತ್ರಿ 2ಕ್ಕೆ ಎದ್ದು ಅಂಗಾಲು ತುರಿಸಿಕೊಂಡ. ಗುಳ್ಳೆ ಇಲ್ಲ. ಶಾಲೆಯಲ್ಲಿ ನಿದ್ದೆ ಮಾಡಿದನಂತೆ. ಒಂದೂವರೆ ರೊಟ್ಟಿ ಉಂಡ.’ ಚರ್ಮದ ಮೇಲೆ ಏನೂ ಇಲ್ಲದೆ ಅಂಗೈ, ಅಂಗಾಲು ತುರಿಸುವುದು, ಅದೂ ರಾತ್ರಿ ಜಾಸ್ತಿಯಾಗುವುದು, ಪಿತ್ತ ಸರಿಯಾಗಿ ಹರಿಯುತ್ತಿಲ್ಲ ಎಂಬುದರ ಸೂಚನೆ ಇರಬಹುದು. ಇದಕ್ಕೆ ಔಷಧ ಇದೆ. ಆದರೆ ಮಗು ರಾತ್ರಿ ತುರಿಸಿಕೊಳ್ಳುವುದು ಡಾಕ್ಟರ ಕಣ್ಣಿಗೆ ಬೀಳುವುದಿಲ್ಲವಲ್ಲ.

ಮಲ, ಮೂತ್ರದ ಬಣ್ಣವನ್ನೂ ಬರೆಯಿರಿ. ಮುಜುಗರ ಬೇಡ. ಮಲ ಸುಣ್ಣದ ಹಾಗೆ ಬಿಳಚಿಕೊಂಡಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದು ಅರ್ಥ. ಚೆನ್ನಾಗಿ ನೀರು ಕುಡಿದ ಮೇಲೂ ಮೂತ್ರ ಕಡಕ್ ಚಹಾದ ಬಣ್ಣ ಇದ್ದರೆ ಅದನ್ನೂ ಹೇಳಬೇಕು. ಮನೆಯಲ್ಲಿ ಹಸುಗೂಸು ಇದ್ದರೆ ಈ ಮಾತು ಇನ್ನೂ ಮುಖ್ಯ. ಹುಟ್ಟಿ ಎರಡು ವಾರ ಕಳೆದರೂ ಹಳದಿ ಹೋಗದಿದ್ದರೆ, ಮಲ ಬಿಳಿಚಿದ್ದರೆ ಒಂದು ದಿನವೂ ಕಾಯಬೇಡಿ. ಪಿತ್ತನಾಳ ಮುಚ್ಚಿದ ಕೂಸಿಗೆ ಮಾಡುವ ಕಸಾಯ್ ಆಪರೇಷನ್ 60 ದಿನದೊಳಗೆ ಆದರೆ ಫಲ ಹೆಚ್ಚು.

ವಾರಕ್ಕೊಮ್ಮೆ, ಭಾನುವಾರ ಎಂದಿಟ್ಟುಕೊಳ್ಳಿ, ಮುಂಜಾನೆ ಬರಿಹೊಟ್ಟೆಯಲ್ಲಿ ತೂಕ ನೋಡಿ. ಟೇಪನ್ನು ಹೊಕ್ಕುಳ ಮೇಲೆ ಸುತ್ತಿ ಹೊಟ್ಟೆಯ ಸುತ್ತಳತೆ ಬರೆದಿಡಿ. ಕೈಕಾಲು ಸಣ್ಣಗಾಗುತ್ತಾ ತೂಕ ಮಾತ್ರ ಏರುತ್ತಿದ್ದರೆ ಹೊಟ್ಟೆಯಲ್ಲಿ ನೀರು ತುಂಬುತ್ತಿರಬಹುದು. ಆಮೇಲೆ, ಕೈ ನಡುಗುತ್ತಿದೆಯೇ ಎಂದು ನೋಡಲು, ಮಗುವಿನ ಕೈಯಲ್ಲಿ ತನ್ನ ಹೆಸರು ಮತ್ತು ಒಂದೇ ಒಂದು ಸಾಲು ಬರೆಸಿ, ಪ್ರತಿ ವಾರವೂ ಅದೇ ಸಾಲು. ಅಕ್ಕನ ಮಗ ‘ನಮ್ಮ ಊರು ಬಾಗಲಕೋಟೆ’ ಎಂದು ಬರೆಯುತ್ತಿದ್ದ. ಒಂಬತ್ತನೇ ವಾರದ ಹೊತ್ತಿಗೆ ‘ಕೋ’ದ ಕೊಂಬು ನಡುಗಿ ಮೇಲಿನ ಸಾಲಿಗೆ ತಾಗಿತ್ತು. ಡಾಕ್ಟರ್ ಆ ಪುಟವನ್ನೇ ಬಹಳ ಹೊತ್ತು ನೋಡಿದರು. ಮಾತ್ರೆಯ ಅಳತೆ ಬದಲಾಯಿಸಿದ್ದು ಅವತ್ತೇ.

ಎಲ್ಲವನ್ನೂ ಒಬ್ಬರ ಮುಂದೆ ಇಡಿ

ಮೂಗಿಗೊಬ್ಬರು, ಚರ್ಮಕ್ಕೊಬ್ಬರು ಎಂದು ಅಲೆಯುವ ಮೊದಲು ಒಬ್ಬ ಮಕ್ಕಳ ಡಾಕ್ಟರನ್ನು ಹಿಡಿಯಿರಿ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ವಿಜಯಪುರದ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು, ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್ಇಯ ಪ್ರಭಾಕರ ಕೋರೆ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗವಿದೆ. ಬೇಕಾದರೆ ಅವರೇ ಮುಂದೆ ಮಕ್ಕಳ ಲಿವರ್ ತಜ್ಞರ ಹತ್ತಿರ ಕಳಿಸುತ್ತಾರೆ.

ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ನಾವೆಲ್ಲ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಅಂಶ) ನೋಡಿ ‘ನಾರ್ಮಲ್ ಐತಿ’ ಎಂದು ನೆಮ್ಮದಿಯಾಗುತ್ತೇವೆ. ಆ ಸಂಖ್ಯೆ ಸರಿ ಇದ್ದೂ ಲಿವರ್ ಒಳಗೆ ಗಟ್ಟಿಯಾಗಿರಬಹುದು. ಲಿವರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್) ಮತ್ತು ಪಿಟಿ-ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಪರೀಕ್ಷೆ) ಎಷ್ಟಿದೆ ಎಂದು ಕೇಳಿ. ರಕ್ತ ಹೆಪ್ಪುಗಟ್ಟುವ ಅಂಶಗಳನ್ನು ಮಾಡುವುದು ಲಿವರ್. ಪದೇ ಪದೇ ಮೂಗಿನಲ್ಲಿ ರಕ್ತ ಬರಲು, ಸುಮ್ನೆ ತಾಗಿದರೂ ಮೈ ನೀಲಿಗಟ್ಟಲು ಅವು ಕಡಿಮೆಯಾಗುವುದೂ ಒಂದು ಕಾರಣ. ಮೂಳೆ ನೋವಿದ್ದರೆ ವಿಟಮಿನ್ ಡಿ, ಕತ್ತಲಲ್ಲಿ ತಡವರಿಸುತ್ತಿದ್ದರೆ ವಿಟಮಿನ್ ಎ ಬಗ್ಗೆ ಕೇಳಿ. ಪಿತ್ತ ಇಳಿಯದ ಮಗುವಿಗೆ ಈ ವಿಟಮಿನ್‌ಗಳು ಊಟದಿಂದ ಸರಿಯಾಗಿ ಸೇರುವುದಿಲ್ಲ.

ಮೂತ್ರದಲ್ಲಿ ತಾಮ್ರ ಎಷ್ಟು ಹೋಗುತ್ತಿದೆ ಎಂದು ನೋಡಲು 24 ಗಂಟೆಯ ಮೂತ್ರ ಹಿಡಿಯಲು ಹೇಳಿದರೆ ಲ್ಯಾಬಿನವರು ಕೊಟ್ಟ ಕ್ಯಾನನ್ನೇ ಬಳಸಿ. ಮುಂಜಾನೆಯ ಮೊದಲ ಮೂತ್ರವನ್ನು ಹಿಡಿಯದೆ ಚೆಲ್ಲಬೇಕು. ಅಲ್ಲಿಂದ ಮರುದಿನ ಮುಂಜಾನೆಯ ಮೊದಲನೆಯದೂ ಸೇರಿ ಎಲ್ಲವನ್ನೂ ಹಿಡಿಯಬೇಕು. ನಡುವೆ ಒಂದು ಸಲ ತಪ್ಪಿದರೂ ಲ್ಯಾಬಿನವರಿಗೆ ಹೇಳಿ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಅದನ್ನು ಮುಚ್ಚಿಡಬೇಡಿ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಕೆಲವು ಲಿವರ್ ಕಾಯಿಲೆ ವಂಶದಲ್ಲಿ ಬರುವುದರಿಂದ, ಯಾವ ಪರೀಕ್ಷೆ ಮೊದಲು ಮಾಡಬೇಕು ಎಂಬುದಕ್ಕೆ ಡಾಕ್ಟರಿಗೆ ದಾರಿ ಸಿಗುತ್ತದೆ.

ಮದ್ದು, ಊಟ

ಕಾಮಣಿ (ಕಾಮಾಲೆ) ಎಂದರೆ ನಮ್ಮಲ್ಲಿ ಬೇರು ಅರೆದು ಕುಡಿಸುತ್ತಾರೆ, ಮೂಗಿಗೆ ಹನಿ ಹಾಕುತ್ತಾರೆ, ಬರೆ ಕೊಡುತ್ತಾರೆ. ಹೇಳುವ ಹಿರಿಯರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೂ ಕೈಮುಗಿದು ಬೇಡ ಎನ್ನಿ. ಬರೆಯಿಂದ ಹುಣ್ಣಾಗಿ ಕೀವು ತುಂಬುತ್ತದೆ, ಲಿವರ್‌ಗೆ ಏನೂ ಆಗುವುದಿಲ್ಲ. ಕೆಲವು ಬೇರು, ಸೊಪ್ಪಿನ ಮದ್ದುಗಳು ಸೊರಗಿದ ಲಿವರನ್ನು ಇನ್ನಷ್ಟು ಕೆಡಿಸುತ್ತವೆ. ಅಂಗಡಿಯ ನೋವಿನ ಮಾತ್ರೆಯೂ ಹಾಗೆಯೇ. ಐಬುಪ್ರೊಫೆನ್, ಆಸ್ಪಿರಿನ್ ಕೇಳದೆ ಕೊಡಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಎಷ್ಟು ಕೊಡಬಹುದು ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಪಥ್ಯದ ಹೆಸರಲ್ಲಿ ಎಣ್ಣೆ, ಬೇಳೆ, ಮೊಸರು ಎಲ್ಲ ಬಿಡಿಸಿ ಬರೀ ಗಂಜಿ ಕೊಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಈ ಮಕ್ಕಳಿಗೆ ಬೇರೆ ಮಕ್ಕಳಿಗಿಂತ ಜಾಸ್ತಿ ಊಟ ಬೇಕು. ಹೊಟ್ಟೆ ಬೇಗ ತುಂಬುವುದರಿಂದ ಸ್ವಲ್ಪ ಸ್ವಲ್ಪ, ಐದಾರು ಸಲ ಕೊಡಿ. ಮಲಗುವ ಮುಂಚೆಯೂ ಏನಾದರೂ ತಿನ್ನಿಸಿ. ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು, ಮೊಟ್ಟೆ ಎಲ್ಲ ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಮಾತ್ರ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರವಿಡಿ. ವಿಲ್ಸನ್ ಇರುವ ಮಗುವಿಗೆ ಬೇರೆಯೇ ಲೆಕ್ಕ. ಶೇಂಗಾ, ಗೋಡಂಬಿ, ಎಳ್ಳು, ಚಾಕೊಲೇಟ್, ಅಣಬೆ, ಪ್ರಾಣಿಯ ಲಿವರ್ ಬೇಡ, ತಾಮ್ರದ ಚರಗಿಯ ನೀರೂ ಬೇಡ. ನಮ್ಮ ಮನೆಯಲ್ಲಿ ‘ಆರೋಗ್ಯಕ್ಕೆ ಒಳ್ಳೇದು’ ಎಂದು ರಾತ್ರಿಯಿಡೀ ತಾಮ್ರದ ಚರಗಿಯಲ್ಲಿಟ್ಟ ನೀರನ್ನು ಮೊದಲು ಕುಡಿಯುತ್ತಿದ್ದವನೇ ಅಕ್ಕನ ಮಗ.

ಇವು ಕಂಡರೆ ಆ ಗಳಿಗೆಯೇ ಹೊರಡಿ

ರಕ್ತ ವಾಂತಿ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ನಾರುವ ಮಲ (ಕಬ್ಬಿಣದ ಟಾನಿಕ್ ಕೊಡುತ್ತಿದ್ದರೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ). ಮಾತು ತೊದಲುವುದು, ಗುರುತು ಹಿಡಿಯದಿರುವುದು, ಎಬ್ಬಿಸಿದರೂ ಏಳದಿರುವುದು. ಊದಿದ ಹೊಟ್ಟೆಯ ಜೊತೆ ಜ್ವರ. ಕಸಾಯ್ ಆಪರೇಷನ್ ಆದ ಮಗುವಿಗೆ ಬರೀ ಜ್ವರ ಬಂದರೂ ಅದೇ ದಿನ ತೋರಿಸಬೇಕು. 108ಕ್ಕೆ ಫೋನ್ ಮಾಡಿ, ನೋಟ್‌ಬುಕ್ ಕೈಯಲ್ಲಿರಲಿ. ಹಗಲು ನಿದ್ದೆ, ರಾತ್ರಿ ಎಚ್ಚರ ಎಂದು ಶುರುವಾದರೂ ಹಗುರವಾಗಿ ತಗೋಬೇಡಿ. ಲಿವರ್ ಸೋಸಲಾರದ ವಿಷ ಮಿದುಳಿಗೆ ಹೋಗುವಾಗ ಮೊದಲು ಕೆಡುವುದರಲ್ಲಿ ನಿದ್ದೆಯೂ ಒಂದು. ಮಲ ಕಟ್ಟಿದರೆ ಈ ವಿಷ ಇನ್ನೂ ಹೆಚ್ಚುತ್ತದೆ, ಅದಕ್ಕೇ ಇಂಥ ಮಕ್ಕಳಿಗೆ ಮಲಬದ್ಧತೆ ಆಗದಂತೆಯೂ ನೋಡಿಕೊಳ್ಳಬೇಕು.

ಖರ್ಚು, ಶಾಲೆ, ಒಡಹುಟ್ಟಿದವರು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ.

ಶಾಲೆಗೆ ಒಂದು ಚೀಟಿ ಬರೆದುಕೊಡಿ. ಗುಲ್ಮ (ಹೊಟ್ಟೆಯ ಎಡಬದಿಯ ಅಂಗ, ಸ್ಪ್ಲೀನ್) ಊದಿದ್ದರೆ ಕಬಡ್ಡಿ ಬೇಡ, ಹೊಟ್ಟೆಗೆ ಪೆಟ್ಟು ಬೀಳಬಾರದು. ಮಧ್ಯೆ ಏನಾದರೂ ತಿನ್ನಲು ಬಿಡಬೇಕು. ಪಕ್ಕದಲ್ಲಿ ಕೂತರೆ, ಜೊತೆಗೆ ಉಂಡರೆ ಹೆಪಟೈಟಿಸ್ ಬಿ ಕೂಡ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿ.

ವಿಲ್ಸನ್ ಇದ್ದರೆ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರನ್ನೂ ಪರೀಕ್ಷೆ ಮಾಡಿಸಲೇಬೇಕು. ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಇರುವ ಸಾಧ್ಯತೆ ಇದೆ. ಅಕ್ಕನ ಮಗಳಿಗೆ ಆಗ ಏಳು ವರ್ಷ. ಮೂಗಿನಲ್ಲಿ ರಕ್ತ ಬಂದಿರಲಿಲ್ಲ, ಅಕ್ಷರ ದುಂಡಗಿತ್ತು. ‘ಅಕಿಗೇನಾಗೈತಿ, ಸೂಜಿ ಯಾಕ ಚುಚ್ಚಸ್ತಿ?’ ಎಂದು ಅವಳ ಅಜ್ಜಿ ತಡೆದರು. ಅಕ್ಕ ಕೇಳಲಿಲ್ಲ. ಅವಳಿಗೂ ಇತ್ತು. ಲಿವರ್ ಕೆಡುವ ಮುಂಚೆಯೇ ಮಾತ್ರೆ ಶುರುವಾಯಿತು. ಈಗ ಮುಂಜಾನೆ ಅಣ್ಣ, ತಂಗಿ ಇಬ್ಬರೂ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ, ಒಂದು ತಾಸು ಬಿಟ್ಟು ರೊಟ್ಟಿ ತಿಂದು ಶಾಲೆಗೆ ಹೋಗುತ್ತಾರೆ.