ಹಾಯಿದೋಣಿಯ ಅಡುಗೆಗೆ ಮೀನು ಹಿಡಿಯುವ ಕ್ರಮ

ಗಲಾಪಗೋಸ್‌ನಿಂದ ಫ್ರೆಂಚ್ ಪಾಲಿನೇಷ್ಯಾದ ಮಾರ್ಕೇಸಸ್ ದ್ವೀಪಗಳವರೆಗೆ ಪೆಸಿಫಿಕ್ ಸಾಗರದಲ್ಲಿ ಸುಮಾರು 3,000 ನಾಟಿಕಲ್ ಮೈಲಿಗಳ ದಾರಿಯಲ್ಲಿ ಎಲ್ಲಿಯೂ ನೆಲ ಸಿಗುವುದಿಲ್ಲ. ಸಾಧಾರಣ ಹಾಯಿದೋಣಿಗೆ ಮೂರು ವಾರ ಹಿಡಿಯುವ ಈ ಪಯಣದಲ್ಲಿ ತರಕಾರಿ ಎರಡನೆಯ ವಾರಕ್ಕೇ ಮುಗಿಯುತ್ತ ಬರುತ್ತದೆ. ಆಮೇಲೆ ಅಕ್ಕಿ, ಬೇಳೆ, ಈರುಳ್ಳಿಯ ಜೊತೆಗೆ ತಾಜಾ ಆಹಾರವೆಂದರೆ ಸಮುದ್ರ ಕೊಟ್ಟ ಮೀನೇ. ಅದನ್ನು ಹಿಡಿಯಲು ರಾಡು, ರೀಲುಗಳಿಲ್ಲದೆ ಒಂದು ಗಟ್ಟಿ ಕೈಗಾಳವಿದ್ದರೂ ನಡೆಯುತ್ತದೆ.

100ರಿಂದ 200 ಪೌಂಡ್ ಎಳೆತ ತಡೆಯುವ ದಪ್ಪ ನೈಲಾನ್ ದಾರವನ್ನು ಮೂವತ್ತು ನಲವತ್ತು ಮೀಟರಿನಷ್ಟು ಇಟ್ಟುಕೊಳ್ಳಿ. ಅದರ ಒಂದು ತುದಿಯನ್ನು ದೋಣಿಯ ಹಿಂಬದಿಯಲ್ಲಿ ಹಗ್ಗ ಕಟ್ಟುವ ಗಟ್ಟಿ ಗೂಟಕ್ಕೇ ಬಿಗಿಯಬೇಕು. ಕಟಕಟೆಯ ಕಂಬಿಗೆ ಕಟ್ಟಿದರೆ ದೊಡ್ಡ ಮೀನು ಕಂಬಿಯನ್ನೇ ಬಾಗಿಸೀತು. ಗೂಟಕ್ಕೂ ದಾರಕ್ಕೂ ನಡುವೆ ಸ್ಕೂಟರಿನಲ್ಲಿ ಸಾಮಾನು ಕಟ್ಟಲು ಬಳಸುವಂಥ ದಪ್ಪ ರಬ್ಬರ್ ಹಗ್ಗವನ್ನು ಸೇರಿಸಿ. ಆರು ನಾಟ್ (ಗಂಟೆಗೆ ಆರು ನಾಟಿಕಲ್ ಮೈಲಿ) ವೇಗದಲ್ಲಿ ಸಾಗುವ ದೋಣಿಯ ಗಾಳವನ್ನು ಎದುರಿನಿಂದ ಬಂದ ಮೀನು ಕಚ್ಚಿದಾಗ ಆಗುವ ಜಗ್ಗಾಟವನ್ನು ಈ ರಬ್ಬರು ನುಂಗಿಕೊಳ್ಳುತ್ತದೆ, ಇಲ್ಲದಿದ್ದರೆ ಮೀನಿನ ದವಡೆಯಾದರೂ ಹರಿಯುತ್ತದೆ, ದಾರವಾದರೂ ತುಂಡಾಗುತ್ತದೆ. ಸಡಿಲವಾಗಿ ಜೋತಾಡುತ್ತಿದ್ದ ರಬ್ಬರು ಸೆಟೆದು ನೇರವಾದರೆ ಮೀನು ಹತ್ತಿದೆ ಎಂದೇ ತಿಳಿಯಬಹುದು.

ದಾರದ ಇನ್ನೊಂದು ತುದಿಗೆ ತಿರುಗುಣಿ ಕೊಂಡಿ, ಅದರಾಚೆಗೆ ಎರಡು ಮೀಟರ್ ಸ್ಟೀಲ್ ತಂತಿ, ಕೊನೆಗೆ ಗೇಣುದ್ದದ ರಬ್ಬರ್ ಬೊಂಡಾಸ್ (ಸ್ಕ್ವಿಡ್) ಮತ್ತು ಅದರೊಳಗೆ ಜೋಡಿ ಕೊಕ್ಕೆ ಇರಲಿ. ತಂತಿ ಬೇಕಾಗುವುದು ವಾಹೂ ಮೀನಿಗಾಗಿ. ನಮ್ಮ ಕರಾವಳಿಯ ಅಂಜಲ್‌ಗೆ ಹತ್ತಿರದ ಬಂಧುವಾದ ಈ ಮೀನಿನ ಹಲ್ಲು ನೈಲಾನನ್ನು ಕತ್ತರಿಯಂತೆ ತುಂಡರಿಸುತ್ತದೆ. ಗಾಳದ ಬೊಂಡಾಸನ್ನು ಸಣ್ಣದಾಗಿಯೇ ಇಡುವುದು ಒಳ್ಳೆಯದು. ದೋಣಿಯಲ್ಲಿರುವ ಇಬ್ಬರಿಗೆ ಮೂರು ನಾಲ್ಕು ಕಿಲೋದ ಮೀನೇ ಧಾರಾಳವಾಗುತ್ತದೆ. ಮೂವತ್ತು ಕಿಲೋದ ಟ್ಯೂನಾ ಹಿಡಿದು ಅರ್ಧವನ್ನು ಮರಳಿ ಸಮುದ್ರಕ್ಕೆ ಎಸೆಯುವುದನ್ನು ನಾನು ಒಪ್ಪಲಾರೆ.

ಬೆಳಕು ಹರಿಯುವ ಹೊತ್ತು ಗಾಳಕ್ಕೆ ಅತ್ಯುತ್ತಮವಾದದ್ದು. ಸಂಜೆಯೂ ಮೀನು ಕಚ್ಚುತ್ತದೆ, ಆದರೆ ಹೊಯ್ದಾಡುವ ದೋಣಿಯಲ್ಲಿ ಕತ್ತಲಲ್ಲಿ ಚೂರಿ ಹಿಡಿದು ಮೀನು ಕೊಯ್ಯುವುದು ಅಪಾಯದ ಕೆಲಸವಾದ್ದರಿಂದ ಸೂರ್ಯ ಮುಳುಗುವುದಕ್ಕೆ ಒಂದು ತಾಸು ಮೊದಲೇ ಗಾಳವನ್ನು ಒಳಗೆಳೆದುಕೊಳ್ಳಿ. ಹಕ್ಕಿಗಳ ಹಿಂಡು ನೀರಿಗೆ ಎರಗುತ್ತಿದ್ದರೆ ಅದರ ಅಂಚಿನಲ್ಲಿ ಸಾಗಿ, ಏಕೆಂದರೆ ಸಣ್ಣ ಮೀನುಗಳನ್ನು ಕೆಳಗಿನಿಂದ ಟ್ಯೂನಾಗಳು ಮೇಲಕ್ಕೆ ಅಟ್ಟುತ್ತಿರುತ್ತವೆ. ತೇಲುವ ಮರದ ದಿಮ್ಮಿ ಕಂಡರೆ ಅದರ ನೆರಳಿನಲ್ಲಿ ಮಾಹಿಮಾಹಿ ಎಂಬ ಮೀನು ಇರುವ ಸಂಭವ ಹೆಚ್ಚು.

ಮೀನು ಹತ್ತಿದ ಕೂಡಲೇ ದಾರಕ್ಕೆ ಕೈಹಾಕಬೇಡಿ. ಮೊದಲು ಮುಂದಿನ ಹಾಯಿಯನ್ನು ಸುತ್ತಿ ದೋಣಿಯ ವೇಗವನ್ನು ಎರಡು ಮೂರು ನಾಟ್‌ಗೆ ಇಳಿಸಿ, ಆಮೇಲೆ ಕೈಗವಸು ತೊಟ್ಟು ಎಳೆಯಿರಿ. ದಾರವನ್ನು ಅಂಗೈಗೆ ಎಂದಿಗೂ ಸುತ್ತಿಕೊಳ್ಳಬಾರದು; ಮೀನು ಒಮ್ಮೆ ತಿರುಗಿ ಜಗ್ಗಿದರೆ ಬೆರಳು ಹೋಗುತ್ತದೆ. ಉದ್ದ ಹಿಡಿಯ ಕೊಕ್ಕೆಯಿಂದ ಮೀನನ್ನು ಮೇಲಕ್ಕೆತ್ತಿ, ಒದ್ದೆ ಬಟ್ಟೆಯಿಂದ ಅದರ ಕಣ್ಣು ಮುಚ್ಚಿ, ಕಿವಿರುಗಳಿಗೆ ಅಗ್ಗದ ರಮ್ಮನ್ನು ಒಂದಿಷ್ಟು ಸುರಿದರೆ ಒದ್ದಾಟ ತಗ್ಗುತ್ತದೆ. ತಕ್ಷಣವೇ ಕಣ್ಣುಗಳ ಹಿಂದೆ, ನಡುವೆ, ಚೂಪಾದ ಮೊಳೆಯಿಂದ ಮಿದುಳನ್ನು ಚುಚ್ಚಿ ಕೊಲ್ಲಿ. ಹೊನ್ನಿನ ಮೈಮೇಲೆ ಹಸಿರು, ನೀಲಿ ಚುಕ್ಕೆಗಳಿಂದ ಹೊಳೆಯುವ ಮಾಹಿಮಾಹಿ ಕೆಲವೇ ನಿಮಿಷಗಳಲ್ಲಿ ಬೂದಿಯ ಬಣ್ಣಕ್ಕೆ ತಿರುಗುವುದನ್ನು ನೋಡಿದವರು, ಅದನ್ನು ನರಳಿಸದೆ ಕೊಲ್ಲುವುದು ತಮ್ಮ ಹೊಣೆಯೆಂದು ತಾವೇ ತಿಳಿಯುತ್ತಾರೆ.

ಕೊಂದ ಮೇಲೆ ಕಿವಿರುಗಳನ್ನು ಕೊಯ್ದು ರಕ್ತ ಬಸಿಯಬೇಕು, ಹೊಟ್ಟೆ ಬಗೆದು ಕರುಳು ತೆಗೆಯಬೇಕು, ಮಾಂಸವನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿಗೆ ಸೇರಿಸಬೇಕು. ಟ್ಯೂನಾದ ಮೈ ನೀರಿಗಿಂತ ಬೆಚ್ಚಗಿರುತ್ತದೆ, ಹೋರಾಡಿದಷ್ಟೂ ಕಾವೇರುತ್ತದೆ. ಟ್ಯೂನಾ, ಮಾಹಿಮಾಹಿಗಳ ಮಾಂಸ ಬಿಸಿಲಿನಲ್ಲಿ ಉಳಿದರೆ ಅದರಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ತುಂಬಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ತಿಂದವರ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ. ದೋಣಿಯಲ್ಲಿ ಫ್ರಿಜ್ ಇಲ್ಲದಿದ್ದರೆ ಒಂದು ಊಟಕ್ಕಾಗುವಷ್ಟನ್ನೇ ಹಿಡಿದು ಆಗಲೇ ಬೇಯಿಸಿ.

ದ್ವೀಪ ತಲುಪಿ ಹವಳದ ದಿಬ್ಬದ ಬಳಿ ಲಂಗರು ಹಾಕಿದ ಮೇಲೆ ಬೇರೆಯೇ ಬಗೆಯ ಎಚ್ಚರ ಬೇಕು. ಹವಳದ ಮೇಲಿನ ಪಾಚಿಗೆ ಅಂಟಿ ಬೆಳೆಯುವ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸೂಕ್ಷ್ಮಜೀವಿಯ ವಿಷ, ಪಾಚಿ ಮೇಯುವ ಸಣ್ಣ ಮೀನುಗಳಿಂದ ಅವನ್ನು ತಿನ್ನುವ ದೊಡ್ಡ ಮೀನುಗಳಿಗೆ ದಾಟುತ್ತ ಸಾಂದ್ರವಾಗುತ್ತದೆ. ಆ ಜೀವಿಗೆ ಹೆಸರು ಬಂದದ್ದೇ ಫ್ರೆಂಚ್ ಪಾಲಿನೇಷ್ಯಾದ ಗ್ಯಾಂಬಿಯರ್ ದ್ವೀಪಗಳಿಂದ. ಸಿಗ್ವಟೆರಾ ಎನ್ನುವ ಕಾಯಿಲೆ ತರುವ ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ; ಬೇಯಿಸಿದರೂ ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿಗಳ ಜೊತೆಗೆ ತುಟಿ, ಬೆರಳುಗಳು ಜುಮುಗುಟ್ಟುತ್ತವೆ, ತಣ್ಣೀರು ಮುಟ್ಟಿದರೆ ಸುಟ್ಟಂತಾಗುತ್ತದೆ, ಕೆಲವರಲ್ಲಿ ಈ ನರಗಳ ಬಾಧೆ ತಿಂಗಳುಗಟ್ಟಲೆ ಉಳಿಯುತ್ತದೆ. 1774ರಲ್ಲಿ ಇಂದಿನ ವನುವಾಟುವಿನ ಬಳಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಮೀನು ತಿಂದು ಕಾಯಿಲೆ ಬಿದ್ದದ್ದು ಇದರಿಂದಲೇ ಎಂದು ಇಂದು ಭಾವಿಸಲಾಗಿದೆ.

ಆದ್ದರಿಂದ ದಿಬ್ಬದ ಬಳಿ ಬರಾಕುಡಾ, ಮೊರೆ ಹಾವುಮೀನು, ದೊಡ್ಡ ಮುರು ಮೀನುಗಳನ್ನು ತಿನ್ನಲೇಬೇಡಿ. ಉಳಿದವುಗಳ ವಿಷಯದಲ್ಲಿ ಅಲ್ಲಿನ ಬೆಸ್ತರ ಮಾತೇ ಪ್ರಮಾಣ, ಏಕೆಂದರೆ ಒಂದೇ ಜಾತಿಯ ಮೀನು ಒಂದು ದ್ವೀಪದಲ್ಲಿ ನಿರಪಾಯವಾಗಿದ್ದು ಪಕ್ಕದ ದ್ವೀಪದಲ್ಲಿ ವಿಷವಾಗಿರಬಹುದು. ಹಿಡಿದ ಮೀನನ್ನು ಅವರಿಗೇ ತೋರಿಸಿ ಕೇಳಿ, ಅವರು ತಲೆಯಾಡಿಸಿ ಬೇಡವೆಂದರೆ ಬಿಟ್ಟುಬಿಡಿ. ನಾನಂತೂ ಲಂಗರು ಹಾಕಿದ ಕಡೆ ಗಾಳವನ್ನೇ ಮುಟ್ಟುವುದಿಲ್ಲ. ಆಳ ಸಮುದ್ರದಲ್ಲಿ ಸಿಕ್ಕಿದ್ದನ್ನು ಮಾತ್ರ ತಿನ್ನುತ್ತೇನೆ. ಕಾನೂನನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಗಲಾಪಗೋಸ್ ಸುತ್ತ 1998ರಲ್ಲಿ ಘೋಷಿಸಲಾದ ಸಂರಕ್ಷಿತ ಸಮುದ್ರ 40 ನಾಟಿಕಲ್ ಮೈಲಿಗಳವರೆಗೆ ಹಬ್ಬಿದೆ. ಅದನ್ನು ದಾಟುವ ತನಕ ಗಾಳ ಪೆಟ್ಟಿಗೆಯಲ್ಲೇ ಇರಲಿ.

ಅಡುಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಹೀತಿಯವರು ಹಸಿ ಟ್ಯೂನಾದ ತುಂಡುಗಳಿಗೆ ನಿಂಬೆರಸ, ತೆಂಗಿನ ಹಾಲು, ಈರುಳ್ಳಿ ಬೆರೆಸಿ ತಿನ್ನುತ್ತಾರೆ. ನಿಂಬೆಯ ಹುಳಿ ಮಾಂಸವನ್ನು ಬೆಳ್ಳಗಾಗಿಸಿದರೂ ಅದರೊಳಗಿನ ಕ್ರಿಮಿಗಳನ್ನು ಕೊಲ್ಲುವುದಿಲ್ಲವಾದ್ದರಿಂದ ಅಳುಕಿರುವವರು ಬೇಯಿಸಿಯೇ ತಿನ್ನಲಿ. ವಾಹೂವನ್ನು ಅಂಜಲ್‌ನಂತೆಯೇ ಬಿಲ್ಲೆಯಾಗಿ ಕತ್ತರಿಸಿ, ಬ್ಯಾಡಗಿ ಮೆಣಸು, ಹುಣಸೆ, ಅರಿಶಿನದ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದರೆ ಬಾಯಿಗೆ ಊರಿನ ರುಚಿಯೇ ಬರುತ್ತದೆ. ಒಲೆ ಉರಿಯುತ್ತಿರುವಾಗಲೇ ಗಾಳವನ್ನು ಸಿಹಿನೀರಿನಲ್ಲಿ ತೊಳೆದು, ದಾರವನ್ನು ಬೆರಳುಗಳ ನಡುವೆ ಹಾಯಿಸಿ ಎಲ್ಲಾದರೂ ತರಚಿದೆಯೇ ಎಂದು ನೋಡಿ, ತರಚಿದ ಭಾಗವನ್ನು ಕತ್ತರಿಸಿ ಮತ್ತೆ ಗಂಟು ಹಾಕಿಡಿ.