ಸಿಂಪಡಣೆ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಬದಲಿಸಿದ ನನ್ನ ಅನುಭವ

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ನಮ್ಮ ತೋಟದಲ್ಲಿ ಬಳಸುವ ಪಂಪಿಗೆ 163 ಸಿಸಿಯ, ಗಾಳಿಯಿಂದ ತಣಿಯುವ, ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ ಜೋಡಿಸಲಾಗಿದೆ. ಒಂದು ಮಳೆಗಾಲದ ಮೊದಲ ಸಿಂಪಡಣೆಯ ಹೊತ್ತಿಗೆ ಅದು ಹಗ್ಗ ಎಳೆದರೆ ಸುಲಭವಾಗಿ ಸ್ಟಾರ್ಟ್ ಆಗದೆ, ಆದ ಮೇಲೂ ಪಂಪಿನ ಒತ್ತಡ ಏರಿಸಿದೊಡನೆ ಸೊರಗಿ, ಸೈಲೆನ್ಸರಿನಿಂದ ನೀಲಿ ಹೊಗೆ ಬಿಡತೊಡಗಿತು. ಏರ್ ಫಿಲ್ಟರಿನೊಳಗೆ ಎಣ್ಣೆ ನಿಂತಿತ್ತು. ಈ ಲಕ್ಷಣಗಳನ್ನು ಕೇಳಿದವರೆಲ್ಲ ಪಿಸ್ಟನ್ನಿನ ರಿಂಗ್ ಸವೆದು ಹೋಗಿದೆ, ಸಿಲಿಂಡರನ್ನು ಬೋರ್ ಮಾಡಿಸಬೇಕು (ಒಳಗೋಡೆ ಕೊರೆಸಿ ಸರಿಮಾಡಿಸಬೇಕು) ಎಂದೇ ಹೇಳಿದರು.

ಹಾಗೆ ಹೇಳುವುದಕ್ಕೆ ಕಾರಣವಿದೆ. ಈ ಮಾದರಿಯ ಎಂಜಿನ್ನಿನಲ್ಲಿ ಸಿಲಿಂಡರಿನ ಪಕ್ಕದಲ್ಲೇ ವಾಲ್ವುಗಳನ್ನು ತೆರೆಯುವ ಕಡ್ಡಿಗಳಾದ ಪುಶ್‌ರಾಡುಗಳು ಓಡಾಡುವ ಪೊಳ್ಳು ಇದ್ದು, ಅದು ಕೆಳಗೆ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಣ್ಣೆ ಇರುವ ತಳದ ಪೆಟ್ಟಿಗೆಗೆ, ತೆರೆದುಕೊಂಡಿರುತ್ತದೆ. ಸಿಲಿಂಡರಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ಮಧ್ಯೆ ಅನಿಲ ಸೋರದಂತೆ ಇಡುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಪಿಸ್ಟನ್ ಓಡಾಡುವ ಬೋರಿಗೂ ಆ ಪೊಳ್ಳಿಗೂ ನಡುವೆ ಗ್ಯಾಸ್ಕೆಟ್ ಕೂರುವ ಜಾಗ ತೀರ ಕಿರಿದು. ಅಲ್ಲಿ ಗ್ಯಾಸ್ಕೆಟ್ ಸುಟ್ಟರೆ ಹೊರಗೆ ಮಸಿಯ ಗೆರೆ ಮೂಡುವುದಿಲ್ಲ, ಸುಯ್ ಎಂಬ ಸದ್ದೂ ಕೇಳುವುದಿಲ್ಲ. ಉರಿದ ಅನಿಲ ಕ್ರ್ಯಾಂಕ್‌ಕೇಸಿಗೆ ನುಗ್ಗಿ, ಅಲ್ಲಿಯ ಎಣ್ಣೆಯನ್ನು ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಕೊಳವೆಯ ಮೂಲಕ ಏರ್ ಫಿಲ್ಟರಿಗೆ ತಳ್ಳುತ್ತದೆ, ಎಂಜಿನ್ ಅದನ್ನೇ ಎಳೆದುಕೊಂಡು ಸುಡುತ್ತದೆ. ರಿಂಗ್ ಸವೆದಾಗಲೂ ಆಗುವುದು ಇದೇ.

ದೋಷ ಈ ಎರಡರಲ್ಲಿ ಯಾವುದೆಂದು ಎಂಜಿನ್ ಬಿಚ್ಚದೆಯೇ ತಿಳಿಯಲು ಸಾಧ್ಯವಿದೆ. ಸ್ಪಾರ್ಕ್ ಪ್ಲಗ್ ತೆಗೆದು, ಆ ರಂಧ್ರದಿಂದ ಒಂದು ಚಮಚದಷ್ಟು ಎಂಜಿನ್ ಎಣ್ಣೆಯನ್ನು ಸಿಲಿಂಡರಿಗೆ ಹಾಕಿ, ಅದು ರಿಂಗಿನ ಸುತ್ತ ಹರಡುವಂತೆ ಹಗ್ಗವನ್ನು ನಿಧಾನವಾಗಿ ಎಳೆದೆ. ರಿಂಗ್ ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ, ಪ್ಲಗ್ ಮತ್ತೆ ಕೂರಿಸಿದಾಗ ಎಳೆತ ಸ್ಪಷ್ಟವಾಗಿ ಬಿಗಿಯಾಗಬೇಕು. ಇಲ್ಲಿ ಏನೂ ಬದಲಾಗಲಿಲ್ಲ. ವಾಲ್ವ್ ಸೋರುತ್ತಿದ್ದರೂ ಎಳೆತ ಸಡಿಲವಾಗಿಯೇ ಇರುತ್ತದೆ. ಆದರೆ ವಾಲ್ವಿನ ಸೋರಿಕೆ ಏರ್ ಫಿಲ್ಟರಿಗೆ ಎಣ್ಣೆ ತಳ್ಳುವುದಿಲ್ಲ. ಹಾಗಾಗಿ ಗ್ಯಾಸ್ಕೆಟ್ಟೇ ಎಂದು ತೀರ್ಮಾನಿಸಿ, ಎಂಜಿನ್ ಪೂರ್ತಿ ತಣಿದ ಮೇಲೆ ಹೆಡ್ ಬಿಚ್ಚಿದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಪುಶ್‌ರಾಡುಗಳನ್ನು ಇನ್‌ಲೆಟ್ ಯಾವುದು, ಎಕ್ಸಾಸ್ಟ್ ಯಾವುದು ಎಂದು ಗುರುತು ಹಾಕಿ ತೆಗೆದಿಟ್ಟರೆ ಸಾಕು. ನಿರೀಕ್ಷಿಸಿದಂತೆಯೇ ಪೊಳ್ಳಿನ ಕಡೆ ಗ್ಯಾಸ್ಕೆಟ್ ಕರಕಲಾಗಿ ಹರಿದಿತ್ತು.

ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡುವವರು ಬಹಳ. ಅದೇ ಎಂಜಿನ್ ಕೆಲವೇ ದಿನಗಳಲ್ಲಿ ಮತ್ತೆ ಸೋರುವುದು ಸಹ ಈ ಕಾರಣಕ್ಕೇ. ಗ್ಯಾಸ್ಕೆಟ್ ತಾನಾಗಿ ಸುಡುವುದು ಅಪರೂಪ. ವಿಪರೀತ ಕಾವಿನಿಂದ ಅಲ್ಯೂಮಿನಿಯಂ ಹೆಡ್ ಬಾಗಿದಾಗ, ಅಥವಾ ಬೋಲ್ಟುಗಳ ಬಿಗಿ ಸಮನಾಗಿಲ್ಲದಿದ್ದಾಗ, ಅದು ಒಂದು ಕಡೆ ಒತ್ತು ಕಳೆದುಕೊಂಡು ಸುಡುತ್ತದೆ. ಆದ್ದರಿಂದ ಹಳೆಯ ಗ್ಯಾಸ್ಕೆಟ್ಟಿನ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು (ಉಕ್ಕಿನ ಬ್ಲೇಡು ಅಲ್ಯೂಮಿನಿಯಮ್ಮಿನ ಮೇಲೆ ಗೀರು ಬಿಡುತ್ತದೆ, ಆ ಗೀರೇ ಮುಂದೆ ಸೋರುವ ದಾರಿಯಾಗುತ್ತದೆ), ಹೆಡ್ಡಿನ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯುವ, ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿದೆ. ಕೈಪಿಡಿ ಒಪ್ಪುವ ಗರಿಷ್ಠ ಬಾಗು 0.10 ಮಿ.ಮೀ.; ಪೊಳ್ಳಿನ ಕಡೆ ಅದಕ್ಕಿಂತ ದಪ್ಪದ ಎಲೆ ಸಲೀಸಾಗಿ ಒಳಹೋಯಿತು.

ವಾಲ್ವುಗಳನ್ನು ತೆಗೆದು, ದಪ್ಪನೆಯ ಗಾಜಿನ ಮೇಲೆ 400ರ ನೀರುಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ) ಹಾಸಿ, ಹೆಡ್ಡಿನ ಮುಖಕ್ಕೆ ಮಾರ್ಕರಿನಿಂದ ಅಡ್ಡಗೆರೆಗಳನ್ನೆಳೆದು, ನೀರು ಚಿಮುಕಿಸುತ್ತ ಎಂಟರ ಅಂಕಿಯಾಕಾರದಲ್ಲಿ ಉಜ್ಜಿದೆ. ಗೆರೆ ಉಳಿದ ಜಾಗವೇ ತಗ್ಗು. ಗೆರೆಗಳೆಲ್ಲ ಒಂದೇ ಸಮ ಅಳಿಸುವವರೆಗೆ, ಕೈಯ ಭಾರ ಒಂದೇ ಕಡೆ ಬೀಳದಂತೆ ನೋಡಿಕೊಂಡು ಉಜ್ಜಬೇಕು. ಇದರಲ್ಲಿ ಅವಸರ ಸಲ್ಲದು. ಅನಂತರ 600ರ ಕಾಗದದಲ್ಲಿ ನಯಗೊಳಿಸಿ, ಪುಡಿ ಒಂದಿಷ್ಟೂ ಉಳಿಯದಂತೆ ಸೋಪುನೀರಿನಲ್ಲಿ ತೊಳೆದು ಒಣಗಿಸಿದೆ.

ಬೋರಿನ ಸುತ್ತ ಲೋಹದ ಬಳೆ ಇರುವ ಗ್ರಾಫೈಟ್ ಗ್ಯಾಸ್ಕೆಟ್ಟನ್ನೇ ಆರಿಸಿದೆ. ಅದನ್ನು ಗ್ರೀಸ್, ಸೀಲಂಟ್ ಏನನ್ನೂ ಹಚ್ಚದೆ ಒಣಗಿದಂತೆಯೇ ಕೂರಿಸಬೇಕು. ಬೋಲ್ಟಿನ ರಂಧ್ರಗಳಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ಹೆಡ್ಡನ್ನು ಒತ್ತಿ ಹಿಡಿಯುವ ಮೊದಲೇ ಬಿಗಿಯಾದಂತೆ ತೋರುವುದರಿಂದ ಅವನ್ನೂ ಒರೆಸಿದೆ. ನಾಲ್ಕು ಬೋಲ್ಟುಗಳನ್ನು ಎದುರುಬದುರಾಗಿ, ಮೊದಲು 8, ಬಳಿಕ 16, ಕೊನೆಗೆ 24 ನ್ಯೂಟನ್ ಮೀಟರಿಗೆ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿದೆ. ಕೈಯಂದಾಜಿನಲ್ಲಿ ಬಿಗಿದರೆ ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ಡು (ತಿರುಪಿನ ಎಳೆ) ಕಿತ್ತುಬರುವ ಅಪಾಯವಿರುವುದರಿಂದ, ಟಾರ್ಕ್ ರೆಂಚನ್ನು ಎರವಲು ತಂದಾದರೂ ಬಳಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಹೆಡ್ ತೇಯ್ದ ಮೇಲೆ ವಾಲ್ವಿನ ಸಂದು (ವಾಲ್ವಿನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರ) ಮೊದಲಿನಂತೆ ಉಳಿಯುವುದಿಲ್ಲ. ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರುವಾಗ, ತಣ್ಣಗಿನ ಎಂಜಿನ್ನಿನಲ್ಲಿ, ಇನ್‌ಲೆಟ್ಟಿಗೆ 0.15, ಎಕ್ಸಾಸ್ಟಿಗೆ 0.20 ಮಿ.ಮೀ. ಹೊಂದಿಸಿದೆ.

ಸ್ಟಾರ್ಟ್ ಮಾಡಿದ ಮೇಲೆ ಸೈಲೆನ್ಸರಿನಲ್ಲಿ ಉಳಿದಿದ್ದ ಎಣ್ಣೆ ಸುಡುವತನಕ ಸ್ವಲ್ಪ ಹೊಗೆ ಬಂದು, ಆಮೇಲೆ ನಿಂತಿತು. ಹೆಡ್ ಬಾಗಲು ಕಾರಣವಾದದ್ದು ತಣಿಸುವ ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂತಿದ್ದ ದ್ರಾವಣದ ಸುಣ್ಣ ಮತ್ತು ಎಣ್ಣೆಧೂಳು. ಫ್ಯಾನಿನ ಕವಚ ತೆಗೆಯದೆ ಅದು ಕಾಣುವುದೇ ಇಲ್ಲ. ಈಗ ಪ್ರತಿ ಮಳೆಗಾಲದ ಮುನ್ನ ಆ ಕವಚ ಬಿಚ್ಚಿ, ರೆಕ್ಕೆಗಳ ಸಂದುಗಳನ್ನು ಬ್ರಷ್ಷಿನಿಂದ ಶುಚಿ ಮಾಡಿಯೇ ಪಂಪನ್ನು ತೋಟಕ್ಕೆ ಒಯ್ಯುತ್ತೇನೆ.